ಸಾಲು ತಪ್ಪಿದ ಕಲ್ಲುಗಳು

ಮದುವೆಯಾಗಿ ನಾಲ್ಕು ತಿಂಗಳಿಗೆ ನನ್ನ ಗಂಡ ಹಿಮ ಅಳೆಯಲು ಹೋದರು. ಈಗ ಹೀಗೆಂದರೆ ಮೊಮ್ಮಕ್ಕಳು ನಗುತ್ತಾರೆ. ಆಗ ಶಿಕಾರಿಪುರದಲ್ಲಿ ಹೇಳಿದಾಗಲೂ ಜನ ನಕ್ಕಿದ್ದರು, ಆದರೆ ಆ ನಗು ಬೇರೆ ಥರದ್ದು. ಹೊಸ ಹೆಂಡತಿಯನ್ನು ಬಿಟ್ಟು ಹಿಮಾಲಯಕ್ಕೆ ಹೋಗುವವನು ಸನ್ಯಾಸಿ, ಇಲ್ಲವೇ ಹೆಂಡತಿ ಬೇಡವಾದವನು ಎಂದು ಅವರ ಲೆಕ್ಕ. ಮೂರನೆಯ ಜಾತಿಯ ಮನುಷ್ಯ ಇರಬಹುದು ಎಂದು ಯಾರಿಗೂ ತೋಚಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತೋಚಿರಲಿಲ್ಲ.

ಧಾರವಾಡದ ಕಡೆಯ ಜಿಲ್ಲೆಗಳು ಸೇರಿ ರಾಜ್ಯ ದೊಡ್ಡದಾದ ಮರುವರ್ಷ ನಮ್ಮ ಮದುವೆ ಆಯಿತು. ನಾನು ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅವರು ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಹದ್ದುಬಸ್ತಿನ ಕೆಲಸ ಮಾಡುತ್ತಿದ್ದರು. ಅಂದರೆ ಎರಡು ಹೊಲದ ನಡುವಿನ ಗಡಿ ತಪ್ಪಿದೆ ಎಂದು ಯಾರಾದರೂ ಅರ್ಜಿ ಕೊಟ್ಟರೆ ನಕ್ಷೆ ಹಿಡಿದು, ಸರಪಳಿ ಎಳೆದು, ಬಾಂದು ಕಲ್ಲನ್ನು ಅದರ ಜಾಗಕ್ಕೆ ವಾಪಸು ನಿಲ್ಲಿಸುವುದು. ನಮ್ಮ ಸೀಮೆಯ ರೈತರು ಬಲು ಸಾಧು. ಆದರೂ ಬಾಂದು ಕಲ್ಲು ಮಾತ್ರ ವರ್ಷಕ್ಕೊಂದು ಗೇಣು ಪಕ್ಕದವನ ಹೊಲದೊಳಗೆ ತಾನಾಗಿ ನಡೆದುಹೋಗುತ್ತಿತ್ತು. ಅದಕ್ಕೇ ನಮ್ಮವರು ಕಲ್ಲು ನೆಡುವಾಗ ಅಡಿಗೆ ಒಂದು ಹಿಡಿ ಇದ್ದಿಲು ಹಾಕಿಸುತ್ತಿದ್ದರು. ಕದ್ದು ಸರಿಸುವವನು ಕಲ್ಲನ್ನಷ್ಟೇ ಒಯ್ಯುತ್ತಾನೆ, ಇದ್ದಿಲು ಇದ್ದಲ್ಲೇ ಉಳಿಯುತ್ತದೆ. ಅಗೆದು ನೋಡಿದರೆ ಮುಗಿಯಿತು, ತಕರಾರೇ ಇಲ್ಲ.

ತಾಳಗುಂದದ ಹತ್ತಿರ ಒಂದು ಗಡಿ ಸರಿಪಡಿಸಿ ಬಂದ ದಿನ ಅವರ ಅಂಗಿಯ ತೋಳು ಹರಿದಿತ್ತು. ಸೋತವನ ಅಣ್ಣತಮ್ಮಂದಿರು ಜಗ್ಗಾಡಿದ್ದರಂತೆ. ನಾನು ಹೊಲಿಯುತ್ತ ಕೂತಾಗ ಹೇಳಿದರು: "ಯಾರದೂ ಅಲ್ಲದ ಜಾಗ ಒಂದು ಸಲ ಅಳೀಬೇಕು ನೋಡು." ದೊಡ್ಡ ಸರ್ವೆ ಕಚೇರಿಯೊಂದು ಹಿಮಾಲಯದ ಹಿಮನದಿ ಅಳೆಯಲು ಆಳುಗಳನ್ನು ಹುಡುಕುತ್ತಿದೆ, ನಾನೂ ಅರ್ಜಿ ಹಾಕಿದ್ದೇನೆ ಎಂದು ಅದರ ಹಿಂದೆಯೇ ಬಂತು. ನನ್ನ ಬಾಯಿ ಜೋರು. "ಕೇಳದೆ ಹಾಕಿದಿರಾ?" ಎಂದು ಎರಡು ದಿನ ಮುಖ ಊದಿಸಿಕೊಂಡೆ. ಮಾರ್ಚಿನಲ್ಲಿ ಹೊರಟರು. ಮೊದಲ ದೀಪಾವಳಿಗೆ ಹೊಸ ಅಳಿಯ ಮಾವನ ಮನೆಗೆ ಹೋಗಲೇಬೇಕಲ್ಲ, ಅಷ್ಟರೊಳಗೆ ಬಂದೇ ಬರುತ್ತೇನೆ ಎಂದು ಬಸ್ಸಿನ ಕಿಟಕಿಯಲ್ಲಿ ಮಾತು ಕೊಟ್ಟರು. ಮನೆಗೆ ವಾಪಸು ಬಂದು ಅಕ್ಕಿ ತೊಳೆಯಲು ಕೂತರೆ ಕೈ ತಾನಾಗಿ ಇಬ್ಬರಿಗಾಗುವಷ್ಟು ಅಳೆದಿತ್ತು.

ಆ ಬೇಸಿಗೆಯಲ್ಲಿ ಅವರ ಕಾಗದಗಳು ಬಂದವು. ಒಂದೊಂದಕ್ಕೂ ಮೂರು ವಾರ ದಾರಿ. ನಮ್ಮ ಮದಗದ ಕೆರೆಗಿಂತ ಅಗಲವಾದ, ಬೆಟ್ಟದಿಂದ ಬೆಟ್ಟಕ್ಕೆ ಹಾಸಿದ ಹಿಮ. ಅದರ ಮೇಲೆ ಈ ದಡದಿಂದ ಆ ದಡಕ್ಕೆ ಕೆಂಪು ಬಣ್ಣ ಬಳಿದ ಕಲ್ಲುಗಳ ನೇರ ಸಾಲು. ಎರಡೂ ಕಡೆ ಬಂಡೆಯ ಮೇಲೆ ಗುರುತು. ತಂಡದ ದೊಡ್ಡ ಸಾಹೇಬರು ಸಾಲು ಇಡಿಸಿ, ಇದನ್ನು ನೋಡಿಕೊಂಡಿರು, ಹದಿನೈದು ದಿನಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡು ಎಂದು ಇಂಗ್ಲಿಷಿನಲ್ಲಿ ಹೇಳಿ ಇನ್ನೊಂದು ಕಣಿವೆಗೆ ಹೋದರು. ವಾಪಸು ಬರುವುದು ಸೆಪ್ಟೆಂಬರಿಗೆ. ಜೊತೆಗೆ ಅಡುಗೆಯವನೊಬ್ಬ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು.

ಜೂನಿನಲ್ಲಿ ಬಂದ ಕಾಗದದಲ್ಲಿ ಅವರ ಉತ್ಸಾಹ ಹೇಳತೀರದು. "ಇಲ್ಲಿಯೂ ನಮ್ಮ ತಾಲ್ಲೂಕಿನದೇ ಕಥೆ. ಹದಿನೈದು ದಿನ ಬಿಟ್ಟು ನೋಡಿದರೆ ನಡುವಿನ ಕಲ್ಲುಗಳು ಸಾಲು ಬಿಟ್ಟು ಒಂದು ಮಾರು ಕೆಳಗೆ ಹೋಗಿರುತ್ತವೆ. ಕುರಿ ಕಾಯುವವರ ಕೆಲಸವೋ, ಕಾಡುಮೇಕೆಗಳ ಕೆಲಸವೋ ತಿಳಿಯದು. ನಾನು ಬಿಡುವ ಆಸಾಮಿಯೇ? ಪ್ರತಿ ಸಲವೂ ಬಂಡೆಯ ಗುರುತಿಗೆ ಹಿಡಿದು ಎಲ್ಲವನ್ನೂ ಸಾಲಿಗೆ ತಂದು ನಿಲ್ಲಿಸಿ, ಸರಿಪಡಿಸಲಾಗಿದೆ ಎಂದು ಬರೆದಿಡುತ್ತಿದ್ದೇನೆ." ನಾನು ಅದನ್ನು ಶಾಲೆಯ ಹೆಡ್ ಟೀಚರಮ್ಮನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಅಕ್ಕೋರೇ, ನಿಮ್ ಯಜಮಾನ್ರು ಸ್ವರ್ಗಕ್ಕೆ ಹೋದ್ರೂ ಅಲ್ಲಿ ಬಾಂದು ನೆಡ್ತಾರ ನೋಡ್ರಿ," ಎಂದರು. ನನಗೂ ಹೆಮ್ಮೆಯೇ ಆಯಿತು.

ಅದೇ ತಿಂಗಳು ನನಗೆ ಸೊರಬಕ್ಕೆ ವರ್ಗವಾಯಿತು. ಹೊಸಬಾಳೆಯ ತವರು ಹತ್ತಿರವಾಯಿತಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ತವರು ಹತ್ತಿರವಾಗುವುದರ ಕಷ್ಟ ಅವರಿಗೇನು ಗೊತ್ತು? ಶಿಕಾರಿಪುರದಲ್ಲಿ ಗಂಡ ಎಲ್ಲಿ ಎಂದು ಕೇಳಿದರೆ ಸರ್ಕಾರಿ ಕೆಲಸ ಎಂದರೆ ಸಾಕಿತ್ತು. ಸೊರಬದಲ್ಲಿ ನನ್ನನ್ನು ಲಂಗ ಉಟ್ಟಾಗಿನಿಂದ ಕಂಡವರಿದ್ದರು. ಅವರು ಕೇಳುತ್ತಲೇ ಇರಲಿಲ್ಲ. ಸುಮ್ಮನೆ ನನ್ನ ಕೊರಳು ನೋಡುತ್ತಿದ್ದರು, ತಾಳಿ ಇದೆಯೇ ಎಂದು. ಆ ನೋಟಕ್ಕೆ ನನಗೆ ಬರುತ್ತಿದ್ದ ಸಿಟ್ಟನ್ನು ಪಾಪ ಎರಡನೇ ಕ್ಲಾಸಿನ ಮಕ್ಕಳು ಅನುಭವಿಸಿದರು.

ಬಾಡಿಗೆಗೆ ಹಿಡಿದಿದ್ದು ಊರ ಕೊನೆಯ ಒಂದಂಕಣದ ಮನೆ, ಹಿಂದೆ ಗದ್ದೆಬಯಲು. ಶಾಲೆ ಇರುವ ದಿನ ಹೇಗೋ ಕಳೆಯುತ್ತಿತ್ತು. ಭಾನುವಾರಗಳು ನನ್ನನ್ನು ಕೊಂದವು. ಬೆಳಿಗ್ಗೆ ಮಾಡಿದ ಸಾರೇ ಸಂಜೆಗೂ. ಒಂದು ತಟ್ಟೆ, ಒಂದು ಲೋಟ, ಹಗ್ಗದ ಮೇಲೆ ಒಂದು ಸೀರೆ. ಒಂದು ಭಾನುವಾರ ಸಂಜೆ ಯಾರೋ ದಾರಿ ಕೇಳಿದಾಗ ಉತ್ತರ ಹೇಳಲು ಬಾಯಿ ತೆರೆದರೆ ಗಂಟಲು ಕಟ್ಟಿಕೊಂಡಿತ್ತು. ಬೆಳಗಿನಿಂದ ನಾನು ಒಂದೇ ಒಂದು ಮಾತೂ ಆಡಿರಲಿಲ್ಲ. ಅಂದು ಒಳಗೆ ಬಂದು ಒಲೆಯ ಮುಂದೆ ಕೂತು ಅತ್ತೆ.

ಜುಲೈನಲ್ಲಿ ಅಪ್ಪಯ್ಯ ಗಾಡಿಯಲ್ಲಿ ಅಕ್ಕಿ ತಂದು ಹಾಕಿದ. ಜಗಲಿಯ ಮೇಲೆ ಕೂತು ಬಹಳ ಹೊತ್ತು ಎಲೆಯಡಿಕೆ ಜಗಿದ. ಆಮೇಲೆ ಗದ್ದೆಯ ಕಡೆ ನೋಡುತ್ತಲೇ ಕೇಳಿದ: "ದೊಡ್ಡಹಬ್ಬಕ್ಕೆ ಅಳಿಯಂದ್ರು ಬತ್ತಾರೆ ಅಲ್ದನೇ?"

"ಬರ್ತಾರೆ ಅಪ್ಪಯ್ಯ. ಮಾತು ಕೊಟ್ಟಾರೆ."

"ಬರ್ಲಿ. ಜನ ಏನೇನೋ ಮಾತಾಡ್ತಾರೆ. ಒಂದ್ ಸಲ ಬಂದು ಊರಾಗೆ ಓಡಾಡಿ ಹೋದ್ರೆ ಎಲ್ಲ ಬಾಯಿ ಮುಚ್ಕಂತಾರೆ." ಅಷ್ಟು ಹೇಳಿ ಗಾಡಿ ಕಟ್ಟಿದ. ಅಪ್ಪಯ್ಯ ತನ್ನ ಜನ್ಮದಲ್ಲಿ ಯಾರಿಗೂ ತಲೆ ತಗ್ಗಿಸಿದವನಲ್ಲ. ನನ್ನಿಂದ ಅವನಿಗೆ ಆ ಗತಿ ಬಂತು. ಅಂದಿನಿಂದ ದೀಪಾವಳಿಗೆ ಎಷ್ಟು ದಿನ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಹೊಡೆಯತೊಡಗಿದೆ.

ಆಗಸ್ಟಿನ ನಡುವೆ ಆ ಉದ್ದನೆಯ ಕಾಗದ ಬಂತು. ಟಪಾಲಿನವರು ಶಾಲೆಗೇ ತಂದು ಕೊಟ್ಟರು. ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಓದಿದೆ.

ಜೂನಿನ ಕೊನೆಯಲ್ಲಿ ಅವರಿಗೆ ರೇಗಿಹೋಗಿ, ಕಳ್ಳನನ್ನು ಹಿಡಿದೇ ತೀರಬೇಕೆಂದು, ಒಲೆಯ ಇದ್ದಿಲನ್ನು ತಂದು ಪ್ರತಿ ಕಲ್ಲಿನ ಅಡಿಗೂ ಒಂದು ಹಿಡಿ ಹಾಕಿದ್ದರು. ಹದಿನೈದು ದಿನ ಕಳೆದು ನೋಡಿದರೆ ಕಲ್ಲುಗಳು ಮತ್ತೆ ಸಾಲು ಬಿಟ್ಟಿದ್ದವು. ಕಲ್ಲು ಎತ್ತಿದರು. ಇದ್ದಿಲು ಅಡಿಯಲ್ಲೇ ಇತ್ತು. ಇನ್ನೊಂದು ಎತ್ತಿದರು. ಅಲ್ಲೂ ಇತ್ತು. "ಇದ್ದಿಲು ಕಲ್ಲಿನ ಜೊತೆ ಬಂದಿದೆ ಎಂದರೆ ಕಲ್ಲನ್ನು ಯಾರೂ ಮುಟ್ಟಿಲ್ಲ. ನೆಲವೇ ನಡೆದಿದೆ. ನಾನು ನಿಂತಿದ್ದ ಹಿಮವೇ ನನ್ನನ್ನು ಹೊತ್ತು ಕೆಳಗೆ ಹೋಗುತ್ತಿದೆ. ನಾವು ಅಳೆಯಲು ಬಂದಿದ್ದೇ ಅದನ್ನ. ನಾನು ನಕ್ಷೆ ಮಾಡಲು ಬಂದಿದ್ದೇವೆ ಎಂದುಕೊಂಡಿದ್ದೆ."

ಸಾಹೇಬರು ಹೊರಡುವಾಗ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಅವರಿಗೆ ಹೊಳೆದದ್ದು ಆಗಲೇ ಅಂತೆ. ಸಾಹೇಬರಿಗೆ ಮುಖ್ಯವಾಗಿ ಬೇಕಾಗಿದ್ದುದು ಮೇ, ಜೂನ್ ತಿಂಗಳ ಲೆಕ್ಕ. ಬಿಸಿಲು ಏರಿ ಮೇಲಿನ ಹಿಮ ಕರಗಿ, ಆ ನೀರು ಬಿರುಕುಗಳಲ್ಲಿ ಇಳಿದು ಹಿಮದ ತಳ ಸೇರುವ ಕಾಲ ಅದು. ಆಗ ನಡಿಗೆ ಜೋರಾಗುತ್ತದೆಯೇ ಎಂದು ತಿಳಿಯಲೆಂದೇ ಕಲ್ಲಿನ ಸಾಲು. ಇವರು ಆ ಎರಡು ತಿಂಗಳೂ ಹಿಮ ನಡೆದಷ್ಟನ್ನೂ ಕಲ್ಲು ಹೊತ್ತು ಹೊತ್ತು ಅಳಿಸಿಹಾಕಿದ್ದರು. ಪುಸ್ತಕದ ತುಂಬ "ಸರಿಪಡಿಸಲಾಗಿದೆ" ಎಂದಿತ್ತು, ಎಷ್ಟು ಎಂಬ ಅಂಕಿ ಒಂದೂ ಇರಲಿಲ್ಲ. ಜೀವಮಾನವೆಲ್ಲ ಕಲ್ಲನ್ನು ಅದರ ಜಾಗಕ್ಕೆ ತಂದ ಕೈ, ಪಾಪ, ಮತ್ತೇನು ಮಾಡೀತು?

ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದರು. ಒಂದು ಹಿಮದ್ದು. "ಮೇ, ಜೂನಿನಲ್ಲಿ ಒಂದು ಮಾರು ನಡೆಯುತ್ತಿದ್ದ ಕಲ್ಲು ಈಗ ಒಂದು ಮೊಳ ಸರಿದರೆ ಹೆಚ್ಚು. ಆದರೆ ಹಿಮದ ಬಾಯಿಂದ ಹೊರಗೆ ಬರುವ ಹೊಳೆ ಆಗಿನದಕ್ಕಿಂತ ಈಗಲೇ ದೊಡ್ಡದು. ನೀರಿನಿಂದ ನಡೆಯುವುದಾದರೆ ಹೆಚ್ಚು ನೀರಿಗೆ ಹೆಚ್ಚು ನಡೆಯಬೇಕಲ್ಲ? ನಿನಗೇನಾದರೂ ಹೊಳೆದರೆ ಬರೆ." ಇನ್ನೊಂದು ಅವರದು. ಎಷ್ಟು ದೂರ ಕಲ್ಲು ಹೊತ್ತೆ ಎಂಬ ನೆನಪು ಸುಮಾರಾಗಿ ಇದೆ. ಹೊಸ ಪುಸ್ತಕದಲ್ಲಿ ಅಂದಾಜು ಅಂಕಿ ತುಂಬಿಸಿದರೆ ಯಾರಿಗೂ ಗೊತ್ತಾಗದು, ಹಬ್ಬಕ್ಕೆ ಬರಬಹುದು. ನಿಜ ಹೇಳಿದರೆ ಬರುವ ಮೇ ತಿಂಗಳಿಂದ ಎಲ್ಲ ಮೊದಲಿನಿಂದ ಮಾಡಬೇಕು, ಕೆಡಿಸಿದ ನಾನೇ ಉಳಿಯಬೇಕು. "ಏನು ಮಾಡಲಿ? ಸಾಹೇಬರು ಬರುವುದರೊಳಗೆ ನಿನ್ನ ಉತ್ತರ ಸಿಕ್ಕರೆ ಒಳ್ಳೆಯದು."

ಎರಡನೆಯದಕ್ಕೆ ಉತ್ತರ ಬರೆಯುವ ಧೈರ್ಯವಿಲ್ಲದೆ ಮೊದಲನೆಯದನ್ನು ಹಿಡಿದುಕೊಂಡು ಹೊರಟೆ. ಶಾಲೆಯ ಹಿಂದಿನ ಕೆರೆಗೆ ಒಬ್ಬ ಮುದುಕ ನೀರುಗಂಟಿ ಇದ್ದ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. ಏರಿಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಹಿಮ ಎಂದರೆ ಏನು ಎಂದು ಅವನಿಗೆ ಹೇಳಲು ನನಗೆ ಸಾಕುಸಾಕಾಯಿತು. ನಾನಾದರೂ ಎಲ್ಲಿ ನೋಡಿದ್ದೆ? ಕೊನೆಗೆ, ಬೆಟ್ಟದಷ್ಟು ಭಾರದ್ದು ಒಂದು ಕಲ್ಲಿನ ಇಳಿಜಾರಿನ ಮೇಲೆ ಕೂತಿದೆ, ಅಡಿಗೆ ನೀರು ಹೊಕ್ಕಿದೆ ಅಂತ ತಿಳಿದುಕೋ ಅಜ್ಜ ಎಂದೆ.

"ಅಷ್ಟೇಯಾ," ಎಂದ. "ಇಲ್ ನೋಡ್ರಿ ಟೀಚರಮ್ಮ. ಈ ಏರಿ ಒಳಮೈ ಕಲ್ಲು ಕಟ್ಟಡ ಇದ್ಯಲ್ಲ, ಇದು ಯಾವಾಗ ಜರುಗ್ತದೆ ಹೇಳಿ? ಕೆರೆ ತುಂಬಿ ಕೋಡಿ ಬಿದ್ದಾಗ ಅಲ್ಲ. ಮೊದಲ ನೀರು ಮಣ್ಣೊಳಗೆ ಹೊಕ್ಕಾಗ. ಆ ನೀರಿಗೆ ಹೊರಗೆ ಹೋಗಕ್ಕೆ ದಾರಿ ಇರದಿಲ್ಲ. ಇದ್ದಲ್ಲೇ ಉಸಿರು ಕಟ್ಟಿ ಮೇಲಿರೋದನ್ನ ಎತ್ತಕ್ಕೆ ನೋಡ್ತದೆ. ಆವಾಗ ಕಲ್ಲು ಸಡ್ಲಾಗಿ ಜರುಗ್ತದೆ. ಆಮೇಲೆ ನೀರು ತನ್ನದೇ ಒಂದು ಬಿಲ ಮಾಡ್ಕಂತದೆ. ದಾರಿ ಸಿಕ್ಕಿದ್ ಮೇಲೆ ಎಷ್ಟ್ ನೀರು ಬಂದ್ರೂ ಸುಮ್ಕೆ ಹರ್ಕಂಡು ಹೋಗ್ತದೆ, ಯಾರನ್ನೂ ಎತ್ತಲ್ಲ."

ಹಿಮ ನನಗೆ ಅರ್ಥವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯೊಂದರಲ್ಲಿ ವಿಜ್ಞಾನಿಗಳು ಹೆಚ್ಚುಕಡಿಮೆ ಇದನ್ನೇ ಬರೆದಿದ್ದನ್ನು ಓದಿದೆ. ಆದರೆ ಆ ಸಂಜೆ ಏರಿಯ ಮೇಲೆ ನನಗೆ ಅನಿಸಿದ್ದು ಇಷ್ಟೇ: ಉಸಿರು ಕಟ್ಟಿದ ನೀರು ಅಂದರೆ ನಾನೇ. ಐದು ತಿಂಗಳಿಂದ ಒಳಗೆ ಇಳಿದದ್ದೆಲ್ಲ ದಾರಿಯಿಲ್ಲದೆ ಅಲ್ಲೇ ನಿಂತಿತ್ತು.

ಅದು ಕಾಗದದ ಮೇಲೆ ಹರಿಯಿತು. ಮೊದಲ ಹಾಳೆಯಲ್ಲಿ ನೀರುಗಂಟಿ ಹೇಳಿದ್ದನ್ನು ಚಂದವಾಗಿ ಬರೆದೆ. ಎರಡನೆಯ ಹಾಳೆಯಲ್ಲಿ ಹೀಗೆ ಬರೆದೆ: "ಅಂದಾಜು ಅಂಕಿಯನ್ನೇ ತುಂಬಿಸಿ ಬನ್ನಿ. ಆ ಹಿಮ ಒಂದು ಮಾರು ನಡೆದರೆ ಯಾರಿಗೇನು, ಎರಡು ಮಾರು ನಡೆದರೆ ಯಾರಿಗೇನು? ಅದರ ಮೇಲೆ ಯಾರಾದರೂ ಭತ್ತ ಬೆಳೆಯುತ್ತಾರೆಯೇ? ಇಲ್ಲಿ ನಾನೊಬ್ಬಳು ಸಾಯುತ್ತಿದ್ದೇನೆ. ಈ ಹಬ್ಬಕ್ಕೆ ಬರದಿದ್ದರೆ ಆಮೇಲೆ ಬರುವುದೇ ಬೇಡ." ಜಾಗ ಸಾಲದೆ ಅಂಚಿನಲ್ಲೂ ಸುತ್ತ ಏನೇನೋ ಗೋಳು ತುಂಬಿಸಿದೆ. ಮತ್ತೆ ಓದದೆ ಅಂಟಿಸಿ ಡಬ್ಬಕ್ಕೆ ಹಾಕಿದೆ. ಹಾಕಿ ಹತ್ತು ಹೆಜ್ಜೆ ಬರುವುದರೊಳಗೆ ವಾಪಸು ತೆಗೆಯಲು ಆಗುತ್ತದೆಯೇ ಎಂದು ತಿರುಗಿ ನೋಡಿದೆ. ಡಬ್ಬಕ್ಕೆ ಬೀಗ ಇತ್ತು.

ಕಲ್ಲು ಒಂದು ಗೇಣು ತಪ್ಪಿದರೂ ಅಂಗಿ ಹರಿಸಿಕೊಂಡು ನಿಂತ ಮನುಷ್ಯನಿಗೆ ನಾನು ಕೊಟ್ಟ ಬುದ್ಧಿ ಅದು. ಬರೆದದ್ದಕ್ಕೆ ನಾಚಿಕೆಯಾಗುತ್ತಿತ್ತು. ಬರಲಿ, ಹೇಗಾದರೂ ಬಂದುಬಿಡಲಿ ಎಂದೂ ಅನಿಸುತ್ತಿತ್ತು. ಎರಡೂ ನಿಜ.

ಹಬ್ಬಕ್ಕೆ ಹನ್ನೆರಡು ದಿನ ಇರುವಾಗ ಅವರ ಕಾಗದ ಬಂತು. ಚಿಕ್ಕದು. "ನಿನ್ನ ಉತ್ತರಕ್ಕೆ ಕಾದೆ, ಬರಲಿಲ್ಲ. ಅಷ್ಟರಲ್ಲಿ ಸಾಹೇಬರು ಬಂದುಬಿಟ್ಟರು. ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿಲ್ಲ. ಇದ್ದಿಲಿನ ವಿಷಯ ಎರಡು ಸಲ ಹೇಳಿಸಿಕೊಂಡರು. ಬರುವ ವರ್ಷ ಮೇ ತಿಂಗಳಿಂದ ಸರಿಯಾಗಿ ಅಳೆಯಬೇಕು. ಮುಂದಿನ ದೀಪಾವಳಿಗೆ ಬರುತ್ತೇನೆ. ನಿನ್ನ ತಂದೆಯವರಿಗೆ ಏನು ಹೇಳುತ್ತೀಯೋ ಗೊತ್ತಿಲ್ಲ. ತಪ್ಪಾಯಿತು."

ಮೊದಲು ಬಂದದ್ದು ನೆಮ್ಮದಿ. ನನ್ನ ಕಾಗದ ಮುಟ್ಟಿಲ್ಲ, ನಾನು ಎಂಥವಳು ಎಂದು ಅವರಿಗೆ ಗೊತ್ತಾಗಿಲ್ಲ. ಅಳು ಬಂದದ್ದು ಅದಾದ ಮೇಲೆ.

ಆ ದೀಪಾವಳಿಗೆ ಹೊಸಬಾಳೆಗೆ ಒಬ್ಬಳೇ ಹೋದೆ. ಅಳಿಯನಿಗೆಂದು ತಂದಿದ್ದ ಪಂಚೆಯನ್ನು ಅಮ್ಮ ಮಣೆಯ ಮೇಲೆ ಇಟ್ಟು, ಅದಕ್ಕೇ ಕುಂಕುಮ ಹಚ್ಚಿ, ಆರತಿ ಎತ್ತಿದಳು. ಪಕ್ಕದಲ್ಲಿ ನಾನು ಕೂತಿದ್ದೆ. ಹಾಡು ಹೇಳಲು ಬಂದ ಹೆಂಗಸರು ಅರ್ಧಕ್ಕೇ ನಿಲ್ಲಿಸಿದರು. ಅಪ್ಪಯ್ಯ ಕೊಟ್ಟಿಗೆಯಿಂದ ಊಟದ ಹೊತ್ತಿನ ತನಕ ಒಳಗೆ ಬರಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ಕೂತಿಲ್ಲ. ಮಾರನೆಯ ಬೆಳಿಗ್ಗೆಯೇ ಶಾಲೆಯ ನೆಪ ಹೇಳಿ ಸೊರಬಕ್ಕೆ ಬಂದುಬಿಟ್ಟೆ. ಶಾಲೆಗೆ ರಜೆ ಇತ್ತು.

ಮುಂದಿನ ವರ್ಷದ ಬಗ್ಗೆ ಹೇಳಲು ಹೆಚ್ಚಿಲ್ಲ. ಅವರು ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ಶಾಲೆ, ಮಳೆ, ಗದ್ದೆ ನಾಟಿ. ಆ ಕಾಗದದ ಮಾತು ಅವರು ಎತ್ತಲಿಲ್ಲ. ದಾರಿಯಲ್ಲಿ ಕಳೆದುಹೋಗಿದೆ ಎಂದು ನಾನೂ ನಂಬಿದೆ. ಮೇ ತಿಂಗಳಲ್ಲಿ ಅವರು ಕಲ್ಲುಗಳನ್ನು ಮುಟ್ಟದೆ ಅವು ಹೋದಷ್ಟನ್ನೂ ಅಳೆದು ಬರೆದುಕೊಂಡರು. ನೇರ ಇದ್ದ ಸಾಲು ಬಿಲ್ಲಿನ ಹಾಗೆ ಬಾಗುವುದನ್ನು ನೋಡಿಯೂ ಸುಮ್ಮನಿರುವುದು ಬಹಳ ಕಷ್ಟ, ಕೈ ತುರಿಸುತ್ತದೆ ಎಂದು ಬರೆದಿದ್ದರು. ಓದಿ ಎಷ್ಟೋ ದಿನದ ಮೇಲೆ ನಕ್ಕೆ.

ಎರಡನೆಯ ದೀಪಾವಳಿಗೆ ಎಂಟು ದಿನ ಮೊದಲು, ಮಧ್ಯಾಹ್ನದ ಬಸ್ಸಿಗೆ ಬಂದರು. ಮುಖ ಕಪ್ಪಾಗಿ ಮೂಗಿನ ತುದಿ ಸುಲಿದಿತ್ತು. ನಾನು ನೂರು ಮಾತು ಕೂಡಿಟ್ಟುಕೊಂಡಿದ್ದೆ. ಬಾಯಿಂದ ಬಂದದ್ದು, "ಸ್ನಾನಕ್ಕೆ ನೀರು ಕಾಯಿಸ್ಲಾ?" ಎಂದಷ್ಟೇ. ಅವರು ಸ್ನಾನ ಮಾಡಿದರು, ಉಂಡರು, ಮನೆಯನ್ನು ಒಮ್ಮೆ ಸುತ್ತ ನೋಡಿದರು. ಆ ಮನೆಗೆ ಅವರು ಕಾಲಿಟ್ಟಿದ್ದು ಅದೇ ಮೊದಲು.

ಬಡಿಸಿದ ಪಾತ್ರೆ ಎತ್ತುತ್ತ, ಹೆಚ್ಚು ಯೋಚನೆ ಮಾಡಿದರೆ ಕೇಳುವುದಿಲ್ಲ ಎಂದು, ಕೇಳಿಯೇಬಿಟ್ಟೆ. "ರೀ, ಹೋದ ವರ್ಷ ಆಗಸ್ಟಿನಲ್ಲಿ ನಾನು ಬರೆದ ಕಾಗದ ಆಮೇಲಾದ್ರೂ ಬಂತಾ?"

"ಇಲ್ಲ ಕಣೆ," ಎಂದರು. "ಆ ದಾರಿನೇ ಹಂಗೆ. ಟಪಾಲಿನ ಚೀಲ ಎಷ್ಟೋ ಸಲ ಹೊಳೆ ಪಾಲಾಗ್ತಿತ್ತು. ಏನು ಬರೆದಿದ್ದೆ?"

"ಏನಿಲ್ಲ. ಆ ನೀರುಗಂಟಿ ಏನೋ ಹೇಳಿದ್ದ."

"ಆಮೇಲೆ ಹೇಳುವೆಯಂತೆ," ಎನ್ನುತ್ತ ಟ್ರಂಕು ತೆಗೆದರು. ಒಂದು ಉಣ್ಣೆಯ ಶಾಲನ್ನು ನನ್ನ ಕೈಗೆ ಕೊಟ್ಟರು. ಅದರ ಅಡಿಯಿಂದ ಕಾಗದದಲ್ಲಿ ಸುತ್ತಿದ ಒಂದು ದಪ್ಪ ಕಬ್ಬಿಣದ ಚಿಲಕ, ನಾಲ್ಕು ತಿರುಪು ಮೊಳೆ ತೆಗೆದರು. ಯಾವ ಬಾಗಿಲಿಗೆ ಎಂದು ಕೇಳಲಿಲ್ಲ. ನೇರ ಹಿತ್ತಿಲ ಬಾಗಿಲಿಗೆ ಹೋಗಿ, ಅದಕ್ಕೆ ಒತ್ತರಿಸಿ ಇಟ್ಟಿದ್ದ ಬೀಸುವ ಕಲ್ಲನ್ನು ಪಕ್ಕಕ್ಕೆ ಸರಿಸಿ ಕೂತರು.

ಹಿತ್ತಿಲ ಬಾಗಿಲಿನ ಚಿಲಕ ಕಿತ್ತುಹೋಗಿದೆ, ಬೀಸುವ ಕಲ್ಲು ಅಡ್ಡ ಇಟ್ಟು ಮಲಗುತ್ತೇನೆ, ಹೆದರಿಕೆಯಾಗುತ್ತದೆ ಎಂದು ನಾನು ಒಂದೇ ಒಂದು ಸಲ ಬರೆದಿದ್ದೆ, ಆ ಕಾಗದದ ಅಂಚಿನಲ್ಲಿ.

ಒಂದು ಅಂಕಿಯನ್ನು ಸುಳ್ಳು ಬರೆಯಲಾರದೆ ಹಿಮದ ಮೇಲೆ ಇನ್ನೊಂದು ವರ್ಷ ಕಳೆದ ಮನುಷ್ಯ, ನನ್ನ ಮುಂದೆ ಇಷ್ಟು ಸಲೀಸಾಗಿ ಸುಳ್ಳು ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಅವರು ಬೆನ್ನು ತಿರುಗಿಸಿಕೊಂಡೇ ಒಂದು ಕೈ ಹಿಂದಕ್ಕೆ ಚಾಚಿ, "ಮೊಳೆ ಕೊಡು," ಎಂದರು. ನಾನು ಒಂದೊಂದಾಗಿ ಕೊಡುತ್ತ ಹೋದೆ.